ಡಾಕ್ಟ್ರ ಮುಖದಲ್ಲಿ ಚಿನ್ನದ ಏಳು

ಎವರಿಸ್ತೊ ಸಗಸ್ತುಮೆ ನಮ್ಮ ಉರುಗ್ವೆ ದೇಶಕ್ಕೆ ಐದು ವರ್ಷ ಅಧ್ಯಕ್ಷರಾಗಿದ್ದರು, ನನಗೆ ನಲವತ್ತು ವರ್ಷ ಇಸ್ಪೀಟಿನ ಜೊತೆಗಾರರಾಗಿದ್ದರು. ಎರಡರಲ್ಲಿ ಯಾವುದು ಕಷ್ಟ ಎಂದು ಪತ್ರಿಕೆಯವನೊಬ್ಬ ಕೇಳಿದ್ದಕ್ಕೆ, "ದೊರಿಲಾ ಎದುರಿಗೆ ಕೂತು ಒಂದು ತಪ್ಪು ಎಲೆ ಹಾಕಿ ನೋಡು, ಗೊತ್ತಾಗತ್ತೆ" ಎಂದಿದ್ದರಂತೆ. ಆ ದೊರಿಲಾ ನಾನೇ. ಸೌಸೆದೊ ಊರಿನ ಕ್ಲಬ್ಬಿನಲ್ಲಿ ಕ್ಯಾಂಟೀನು ನಡೆಸುವವಳು. ಗಂಡ ಸಾಯುವಾಗ ಬಿಟ್ಟುಹೋದದ್ದು ಆ ಕ್ಯಾಂಟೀನು ಮತ್ತು ಈ ಸಿಡುಕು. ಸಿಡುಕು ಮೊದಲಿಂದ ನಿನ್ನದೇ, ಪಾಪ ಸತ್ತವನ ಮೇಲೆ ಯಾಕೆ ಹಾಕುತ್ತೀ ಎನ್ನುವವರೂ ಇದ್ದಾರೆ.

ನಮ್ಮ ಊರಿನವರ ಬಾಯಲ್ಲಿ ಅವರು ಯಾವತ್ತೂ ಅಧ್ಯಕ್ಷರಾಗಲಿಲ್ಲ, ಡಾಕ್ಟ್ರಾಗಿಯೇ ಉಳಿದರು. ಡಾಕ್ಟ್ರು ಎಂದರೆ ದನದ ಡಾಕ್ಟ್ರು. ಹೊಳೆಯಲ್ಲಿ ದೋಣಿ ನಡೆಸುವವನ ಮಗ. ರಾಜಧಾನಿಗೆ ಹೋಗಿ ಓದಿದ ಹುಡುಗ ಅಲ್ಲೇ ಬೇರು ಬಿಡುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರೆ, ಓದು ಮುಗಿದದ್ದೇ ತಡ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದರು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿ ಅಡ್ಡ ಸಿಕ್ಕಿಕೊಂಡ ಕರುವನ್ನು ತಿರುಗಿಸುತ್ತಾ, ಅದೇ ಹೊತ್ತಿನಲ್ಲಿ ಹಸುವಿನ ಯಜಮಾನನ ಜೊತೆ ನಮ್ಮ ಹೊಳೆಗೆ ಸೇತುವೆ ಬೇಕೋ ಬೇಡವೋ ಎಂದು ವಾದ ಮಾಡುವ ಮನುಷ್ಯ ಅವರು. ಹಾಗೆ ವಾದ ಮಾಡುತ್ತಲೇ ಜಿಲ್ಲೆಯ ಮೇಯರಾದರು, ಸೆನೆಟಿಗೆ ಹೋದರು. ಮಿಲಿಟರಿಯವರು ದೇಶ ಹಿಡಿದುಕೊಂಡು ಇನ್ನು ಮೇಲೆ ನಿನಗೆ ರಾಜಕೀಯ ಇಲ್ಲ ಎಂದಾಗ ಗಂಬೂಟು ಹಾಕಿಕೊಂಡು ಮತ್ತೆ ಕೊಟ್ಟಿಗೆಗೆ ನಡೆದರು. ಮಿಲಿಟರಿ ಹೋದ ಮೇಲೆ ಬಿಳಿ ಪಕ್ಷದವರು ಹುಡುಕಿಕೊಂಡು ಬಂದು ಚುನಾವಣೆಗೆ ನಿಲ್ಲಿಸಿದರು. ಗೆದ್ದರು.

ಫಲಿತಾಂಶ ಬಂದ ದಿನ ಕಸಿಮಿರೊ ಉರ್ರುತಿ ಕ್ಯಾಂಟೀನಿನ ಕಟ್ಟೆಗೆ ಮೊಣಕೈ ಊರಿ ಗೊಣಗುತ್ತಿದ್ದ. ಉರ್ರುತಿ ನಮ್ಮೂರ ಮಾಂಸದಂಗಡಿಯವನು, ಹುಟ್ಟಾ ಕೆಂಪು ಪಕ್ಷದವನು, ಮೇಯರ್ ಚುನಾವಣೆಯಲ್ಲಿ ಡಾಕ್ಟ್ರ ಎದುರು ನಿಂತು ಮಣ್ಣು ಮುಕ್ಕಿದವನು.

"ಇವನಿಗೆ ಓಟು ಹಾಕಿದ್ದು ಜನ ಅಲ್ಲ, ಹಸುಗಳು" ಎಂದ.

"ಹೌದಪ್ಪ. ನಿನ್ನ ಅಂಗಡಿ ನೋಡಿದ ಮೇಲೂ ಹಸುಗಳು ನಿಮ್ಮ ಪಕ್ಷಕ್ಕೇ ಹಾಕ್ಬೇಕಿತ್ತಾ?" ಎಂದೆ. ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದ. ಆದರೂ ಗುರುವಾರ ಬಂದು ಆಟಕ್ಕೆ ಕೂತ.

ಆಟ ಎಂದರೆ ತ್ರೂಕೊ. ನಮ್ಮ ಕಡೆ ಅದನ್ನು ಆಡದವನನ್ನು ಮದುವೆಗೂ ಕರೆಯುವುದಿಲ್ಲ. ನಾಲ್ಕು ಜನ, ಎದುರೆದುರು ಕೂತವರು ಒಂದು ಜೊತೆ, ಒಬ್ಬೊಬ್ಬರಿಗೆ ಮೂರು ಎಲೆ, ಮೂರು ಸುತ್ತಿನಲ್ಲಿ ಎರಡು ಗೆದ್ದರೆ ಲೆಕ್ಕಕ್ಕೆ ಕಾಳು. ಡಾಕ್ಟ್ರೂ ನಾನೂ ಒಂದು ಜೊತೆ. ಉರ್ರುತಿಯೂ ಕ್ಷೌರದ ಪೆಲುಫೊನೂ ಇನ್ನೊಂದು ಜೊತೆ. ಕೈಯಲ್ಲಿ ಕಸ ಇಟ್ಟುಕೊಂಡು ರಾಜನ ಹಾಗೆ "ತ್ರೂಕೊ" ಎಂದು ಕೂಗಿ ಪಣ ಏರಿಸಬಹುದು. ಹೆದರಿದವನು "ಒಲ್ಲೆ" ಎಂದು ಎಲೆಗಳನ್ನು ಮುಖ ಕೆಳಗೆ ಮಾಡಿ ಕಟ್ಟಿನೊಳಗೆ ತಳ್ಳಿದರೆ ಮುಗಿಯಿತು, ಅವನ ಕೈಯಲ್ಲಿ ಏನಿತ್ತೆಂದು ಯಾರೂ ಕೇಳುವಂತಿಲ್ಲ. ಬಾಯಿಯಿಂದ ಎಷ್ಟು ಸುಳ್ಳು ಹೇಳಿದರೂ ಚೆಂದವೇ. ಎದುರಾಳಿ ನೋಡದಿರುವಾಗ ಜೊತೆಗಾರನಿಗೆ ಮುಖದಲ್ಲಿ ಸನ್ನೆ ಮಾಡಬಹುದು. ನಮ್ಮ ಎಲೆಗಳಲ್ಲಿ ಕತ್ತಿ, ದೊಣ್ಣೆ, ಚಿನ್ನ, ಬಟ್ಟಲು ಎಂದು ನಾಲ್ಕು ಜಾತಿ. ಹುಬ್ಬು ಏರಿಸಿದರೆ ಕತ್ತಿಯ ಎಕ್ಕ, ಕಣ್ಣು ಹೊಡೆದರೆ ದೊಣ್ಣೆಯ ಎಕ್ಕ, ಬಾಯಿ ಬಲಕ್ಕೆ ಎಳೆದರೆ ಕತ್ತಿಯ ಏಳು, ಎಡಕ್ಕೆ ಎಳೆದರೆ ಚಿನ್ನದ ಏಳು. ಈ ನಾಲ್ಕು ಎಲೆಗಳೇ ಆಟದ ದೊರೆಗಳು. ಎರಡೂ ಕಣ್ಣು ಮುಚ್ಚಿದರೆ ನನ್ನ ಕೈಯಲ್ಲಿ ಏನೂ ಇಲ್ಲ, ದೇವರೇ ಗತಿ.

ಸನ್ನೆಗೆ ಒಂದು ಕಟ್ಟುಪಾಡಿದೆ. ಮುಖ ಸುಳ್ಳು ಹೇಳಬಾರದು. ಇಲ್ಲದ ಎಲೆಯ ಸನ್ನೆ ಮಾಡಿ, ಅದೇ ಎಲೆ ಇನ್ನೊಬ್ಬರ ಕೈಯಿಂದ ಮೇಜಿನ ಮೇಲೆ ಬಿದ್ದರೆ, ಸನ್ನೆ ಮಾಡಿದವನು ಎದ್ದು ಹೋಗಬೇಕು. ಆ ವರ್ಷವಿಡೀ ಮೇಜಿನ ಹತ್ತಿರ ಸುಳಿಯುವಂತಿಲ್ಲ. ಕ್ಲಬ್ಬಿನ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಬರೆಸಿದೆ. ಬರೆಸಿದವರು ಯಾರೆಂದರೆ, ಇಪ್ಪತ್ತೇಳು ವರ್ಷದ ಎಳೆ ಮೀಸೆಯ, ಆಗಿನ್ನೂ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಎವರಿಸ್ತೊ ಸಗಸ್ತುಮೆ. ದೇಶಕ್ಕೆ ಎಷ್ಟೋ ಕಾನೂನು ಮಾಡಿದರು, ಕೆಲವು ಒಳ್ಳೆಯವು, ಕೆಲವು ನನ್ನಂಥವರಿಗೆ ಅರ್ಥವಾಗದವು. ಅವರು ಮೊದಲು ಮಾಡಿದ ಕಾನೂನು ಇದು. ಅದರ ಪ್ರಕಾರ ಮೊದಲು ಹೊರಗೆ ಹಾಕಿದ್ದು ತಮ್ಮ ಸ್ವಂತ ಸೋದರಮಾವನನ್ನು.

ಅಧ್ಯಕ್ಷರಾಗಿದ್ದಾಗಲೂ ತಿಂಗಳಿಗೊಂದು ಗುರುವಾರ ತಪ್ಪಿಸದೆ ಬರುತ್ತಿದ್ದರು. ಜೊತೆಗೆ ಇಬ್ಬರು ಅಂಗರಕ್ಷಕರು. ಅದರಲ್ಲಿ ಒಬ್ಬ ನನ್ನ ಬೆನ್ನ ಹಿಂದೆಯೇ ಕಂಬದ ಹಾಗೆ ನಿಲ್ಲುತ್ತಿದ್ದ, ನನಗೆ ಒಳ್ಳೆಯ ಎಲೆ ಬಂದರೆ ಸಾಕು ಅವನ ಮುಖ ಅರಳುತ್ತಿತ್ತು, ಅದನ್ನು ನೋಡಿ ಉರ್ರುತಿ "ಒಲ್ಲೆ" ಎನ್ನುತ್ತಿದ್ದ. ಮೂರು ಸಲ ಹೀಗಾದ ಮೇಲೆ ನಾನು ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು ಆಲೂಗಡ್ಡೆ ಸುಲಿಯಲು ಕೂರಿಸಿದೆ. ದೇಶದ ಅಧ್ಯಕ್ಷರನ್ನು ಆ ಸಂಜೆ ಕಾಯ್ದವರು ಯಾರೂ ಇಲ್ಲ. ಯಾರೂ ಏನೂ ಮಾಡಲಿಲ್ಲ, ಉರ್ರುತಿ ಒಬ್ಬನೇ ಬೈದ.

ಕೊನೆಯ ವರ್ಷ ದೇಶಕ್ಕೆ ಕೆಟ್ಟ ಕಾಲ ಬಂತು. ಕೆಲಸಗಳು ಹೋದವು, ಮಕ್ಕಳು ದೋಣಿ ಹತ್ತಿ ಆಚೆ ದಡದ ದೇಶಕ್ಕೆ ದುಡಿಯಲು ಹೊರಟರು. ಹೆದರಬೇಡಿ, ಎಲ್ಲಾ ಸರಿಯಾಗಿದೆ ಎಂದು ಟೀವಿಯಲ್ಲಿ ಹೇಳಿ ಎಂದು ಮಂತ್ರಿಗಳು ಬರೆದುಕೊಟ್ಟಿದ್ದರಂತೆ. ಕ್ಯಾಂಟೀನಿನಲ್ಲಿ ನಾವೆಲ್ಲ ಕತ್ತೆತ್ತಿ ನೋಡುತ್ತಿದ್ದೆವು. ಡಾಕ್ಟ್ರು ಹಾಳೆಯನ್ನು ನೋಡಿದರು, ಕ್ಯಾಮೆರಾ ನೋಡಿದರು, ಹಾಳೆಯನ್ನು ಪಕ್ಕಕ್ಕಿಟ್ಟರು. "ನನ್ನ ಕೈಯಲ್ಲಿ ಒಳ್ಳೆ ಎಲೆ ಇಲ್ಲ. ಇರೋದ್ರಲ್ಲೇ ಆಡ್ಬೇಕು. ಬನ್ನಿ, ಒಟ್ಟಿಗೆ ಆಡೋಣ" ಎಂದರು. ನಾನು ಅತ್ತುಬಿಟ್ಟೆ. ಮುಂದಿನ ಚುನಾವಣೆಯಲ್ಲಿ ಅವರ ಪಕ್ಷ ನೆಲ ಕಚ್ಚಿತು. ಉರ್ರುತಿಯ ಪಕ್ಷ ಗೆದ್ದ ಆ ದಿನ ಅವನೂ ಪಟಾಕಿ ಹೊಡೆಯಲಿಲ್ಲ, ಯಾಕೋ ಅಂಗಡಿ ಬೇಗ ಮುಚ್ಚಿ ಮನೆಗೆ ಹೋದ. ಡಾಕ್ಟ್ರು ಅಧಿಕಾರ ಒಪ್ಪಿಸಿ ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಬಂದಿಳಿದರು. ಬಸ್ ಸ್ಟಾಂಡಿನಿಂದ ನೇರ ಕ್ಲಬ್ಬಿಗೆ. ಸೂಟ್‌ಕೇಸನ್ನು ಕುರ್ಚಿಯ ಕೆಳಗೆ ತಳ್ಳಿ "ಯಾರು ಹಂಚೋದು?" ಎಂದು ಕೇಳಿದರು.

ಆಮೇಲೆ ಏಳೆಂಟು ವರ್ಷ ನಮಗೆ ಹಬ್ಬ. ಪ್ರತಿ ಗುರುವಾರ ಆಟ, ಬೈಗುಳ, ಕರಿದ ರೊಟ್ಟಿ, ಬಿಸಿ ಮಾಟೆ ಕಷಾಯ. ಆಮೇಲೆ ಒಂದು ದಿನ ಬೆಳಿಗ್ಗೆ, ಚಳಿಗಾಲದ ಆರಂಭದಲ್ಲಿ, ಡಾಕ್ಟ್ರಿಗೆ ಲಕ್ವ ಹೊಡೆಯಿತು.

ಜೀವ ಉಳಿಯಿತು. ಬಲಗೈ ಸೋತುಹೋಯಿತು, ಮಾತು ತೊದಲಿತು. ಆಸ್ಪತ್ರೆಯಿಂದ ಮನೆಗೆ ಬಂದವರು ಹೊರಗೆ ಕಾಲಿಡಲಿಲ್ಲ, ಯಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನರ್ಸಮ್ಮ ಕ್ಯಾಂಟೀನಿಗೆ ಬಂದು ನನ್ನ ಹತ್ತಿರ ಹೇಳಿದಳು: "ಅವ್ರು ಜನರ ಜೊತೆ ಮಾತಾಡ್ಬೇಕು, ದೊರಿಲಮ್ಮ. ಈಗ ಬಾಯಿ ಮುಚ್ಚಿಕೊಂಡು ಕೂತ್ರೆ ಆಮೇಲೆ ಬಾಯಿ ತೆಗೆದ್ರೂ ಮಾತು ಬರೋದಿಲ್ಲ. ಅವ್ರ ಅಕ್ಕನ ಹತ್ರಾನೂ ಮಾತಿಲ್ಲ. ಊಟಾನೂ ಬಿಡ್ತಿದಾರೆ."

ಮಾತಿಲ್ಲದ ಡಾಕ್ಟ್ರನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಏಪ್ರನ್ ಬಿಚ್ಚಿ ಎಸೆದು ಹೊರಟೆ.

ಬಾಗಿಲಲ್ಲಿ ತೊಮಾಸಾ ನಿಂತಿದ್ದಳು. ಡಾಕ್ಟ್ರ ಅಕ್ಕ, ಮದುವೆಯಾಗದವಳು, ತಮ್ಮನನ್ನು ಕಾಯುವುದರಲ್ಲಿ ಆ ಇಬ್ಬರು ಅಂಗರಕ್ಷಕರಿಗಿಂತ ಗಟ್ಟಿ.

"ಮಲಗಿದಾನೆ" ಎಂದಳು.

"ಯಾವಾಗ ಬಂದ್ರೂ ಮಲಗೇ ಇರ್ತಾರಾ? ನಾನೇನು ಓಟು ಕೇಳೋಕೆ ಬಂದಿದೀನಾ ತೊಮಾಸಾ, ದಾರಿ ಬಿಡು."

"ಯಾರ್ನೂ ನೋಡಲ್ಲ ಅಂತಾನೆ. ಮೊನ್ನೆ ಬಿಷಪ್ಪರೇ ಬಂದು ವಾಪಸ್ ಹೋದ್ರು."

"ಬಿಷಪ್ಪರಿಗೆ ತ್ರೂಕೊ ಬರಲ್ಲ" ಎಂದು ಅವಳ ತೋಳಿನ ಕೆಳಗೆ ನುಸುಳಿ ಒಳಗೆ ಹೋದೆ.

ಡಾಕ್ಟ್ರು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ನನ್ನ ಹೆಜ್ಜೆ ಸದ್ದು ಅವರಿಗೆ ಗೊತ್ತು, ಆದರೂ ತಿರುಗಲಿಲ್ಲ. ನಾನೇ ಕುರ್ಚಿ ಎಳೆದುಕೊಂಡು ಗೋಡೆಗೂ ಅವರಿಗೂ ನಡುವೆ ಕೂತೆ. ಇಸ್ಪೀಟು ಆಡುವವರಿಗೆ ಕಾಯುವುದು ಗೊತ್ತು. ಕೊನೆಗೆ ಅವರೇ ಕರವಸ್ತ್ರ ಇಳಿಸಿದರು.

ಮುಖದ ಬಲಭಾಗ ಜೋತುಬಿದ್ದಿತ್ತು. ಬಾಯಿ ಪೂರ್ತಿ ಎಡಕ್ಕೆ ಎಳೆದುಕೊಂಡಿತ್ತು.

ನನ್ನನ್ನು ಬೈಯಿರಿ, ಹೊಡೆಯಿರಿ, ನನಗೆ ಮೊದಲು ಬಂದ ಯೋಚನೆ ಅದೇ: ಇವರ ಹತ್ತಿರ ಚಿನ್ನದ ಏಳು ಇದೆ. ನಲವತ್ತು ವರ್ಷ ಆ ಮುಖ ಓದಿ ಅಭ್ಯಾಸವಾದವಳಿಗೆ ಇನ್ನೇನು ಹೊಳೆಯುತ್ತದೆ? ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಹೊರಗೆ ಬಂತು.

ಡಾಕ್ಟ್ರು ನಗಲಿಲ್ಲ. ಒಂದೊಂದೇ ಮಾತನ್ನು ಕೆಸರಿನಿಂದ ಕಾಲು ಕೀಳುವ ಹಾಗೆ ಕಿತ್ತು ತೆಗೆದರು. "ನೋಡಿ…ದೆಯಾ. ನಿಂಗೂ… ಅದೇ… ಕಾಣ್ತು."

"ಕಂಡ್ರೆ ಏನೀಗ? ಗುರುವಾರ ಬನ್ನಿ ಡಾಕ್ಟ್ರೇ. ಮೇಜು ಖಾಲಿ ಬಿದ್ದಿದೆ."

"ಹೇಗೆ… ಬರ್ಲಿ? ನನ್ನ ಮುಖ… ಸುಳ್ಳು… ಹೇಳತ್ತೆ. ಯಾವಾಗ್ಲೂ. ಎಲ್ಲ…ರಿಗೂ."

"ಅದು ಸನ್ನೆ ಅಲ್ಲ, ಕಾಯಿಲೆ. ಯಾರಿಗೆ ಗೊತ್ತಿಲ್ಲ?"

"ರೂಲಲ್ಲಿ… ಕಾಯಿಲೆ… ಅಂತ ಇಲ್ಲ. ಮಾವ… ಹಲ್ಲು ನೋವು… ಅಂದಿದ್ದ. ನಾನು… ಬಿಡ್ಲಿಲ್ಲ."

ಹೀಗೆ ಹೇಳಿ ಕರವಸ್ತ್ರ ಮತ್ತೆ ಮೇಲಕ್ಕೆತ್ತಿದರು. ಟೀವಿಯಲ್ಲಿ ಇಡೀ ದೇಶದ ಎದುರು ಸುಳ್ಳು ಹೇಳಲು ಒಪ್ಪದ ಮುಖವದು. ಈಗ ಅದೇ ಮುಖ ಹಗಲೂ ರಾತ್ರಿಯೂ ಒಂದು ಸುಳ್ಳನ್ನು ಹೊತ್ತುಕೊಂಡು ಕೂತಿದೆ ಎಂದು ಅವರಿಗೆ ನಾಚಿಕೆ. ಇದು ಹುಚ್ಚು ಎಂದು ನನಗೆ ಗೊತ್ತಿತ್ತು. ಅದೇ ಹುಚ್ಚಿಗಾಗಿ ಅವರನ್ನು ಇಷ್ಟು ವರ್ಷ ಪ್ರೀತಿಸಿದವಳೂ ನಾನೇ.

ಅಲ್ಲಿಂದ ನೇರ ಉರ್ರುತಿಯ ಅಂಗಡಿಗೆ ಹೋದೆ. ಅವನೀಗ ಕ್ಲಬ್ಬಿನ ಅಧ್ಯಕ್ಷ. ಒಂದು ಸಭೆ ಕರೆದು ಒಂದು ಸಾಲು ಬದಲಿಸಿದರೆ ಮುಗಿಯಿತಲ್ಲ: ಡಾಕ್ಟ್ರ ಬಾಯಿ ಲೆಕ್ಕಕ್ಕಿಲ್ಲ. ಉರ್ರುತಿ ಪಕ್ಕೆಲುಬು ಕಡಿಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಕತ್ತಿ ಕೆಳಗಿಡಲಿಲ್ಲ.

"ಆಗಲ್ಲ" ಎಂದ.

"ಯಾಕಾಗಲ್ಲ?"

"ರೂಲು ಅಂದ್ರೆ ರೂಲು. ಅವನೇ ಮಾಡಿದ್ದು. ಅವನಿಗೋಸ್ಕರ ಅವನ ರೂಲು ಬದಲಾಯ್ಸಿದ್ರೆ ನಾಳೆ ಇಡೀ ಊರು, ಪಾಪ ಡಾಕ್ಟ್ರು ಅನ್ನತ್ತೆ."

"ಅಂದ್ರೆ ಅನ್ಲಿ ಬಿಡು."

"ಪಾಪ ಅನ್ನಿಸ್ಕೊಂಡು ಬದುಕೋನಾ ಅವನು? ನಿಂಗೆ ಅವನು ಇಷ್ಟೇ ಗೊತ್ತಾ?"

"ಕಸಿಮಿರೊ, ಅವ್ರು ಅಲ್ಲಿ ಗೋಡೆ ನೋಡ್ಕೊಂಡು ಸಾಯ್ತಿದಾರೆ. ನಿನ್ನ ಹೊಟ್ಟೆಯುರಿ ಇನ್ನೂ ಆರ್ಲಿಲ್ವಾ? ಒಂದು ಮೇಯರ್ ಚುನಾವಣೆಗೆ ಎಷ್ಟು ವರ್ಷ ಹಲ್ಲು ಕಡೀತೀಯ?"

ಅವನು ಪಕ್ಕೆಲುಬನ್ನು ಕಾಗದದಲ್ಲಿ ಸುತ್ತಿ ಮುಂದಿಟ್ಟ, ನಾನು ಅದನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಅವನ ಏಳು ತಲೆಮಾರು ಬೈದೆ.

ಬುಧವಾರ ಮಧ್ಯಾಹ್ನ ನಾನು ಡಾಕ್ಟ್ರಿಗೆ ಸೂಪು ತೆಗೆದುಕೊಂಡು ಹೋದಾಗ ಬಾಗಿಲು ಬಡಿದ ಸದ್ದಾಯಿತು. ತೊಮಾಸಾ ಬೇಡ ಬೇಡ ಎನ್ನುತ್ತಿರುವಾಗಲೇ ಉರ್ರುತಿ ಟೋಪಿ ಕೂಡ ತೆಗೆಯದೆ ಹಿಂದಿನ ಕೋಣೆಗೆ ನುಗ್ಗಿದ. ಡಾಕ್ಟ್ರು ಗಡಬಡಿಸಿ ಕರವಸ್ತ್ರ ಮೇಲೆತ್ತಿದರು.

"ಏನು ಪ್ರೆಸಿಡೆಂಟ್ರೇ, ಅಡಗಿ ಕೂತಿದೀರಂತೆ" ಎಂದ ಉರ್ರುತಿ.

"ಹೊರಗ್ ನಡಿ ಕಸಿಮಿರೊ" ಎಂದೆ ನಾನು.

"ನಿನ್ನ ಹತ್ರ ಅಲ್ಲ ನಾನು ಮಾತಾಡ್ತಿರೋದು. ಲೇ ದನದ ಡಾಕ್ಟ್ರೇ, ಕೇಳಿಸ್ಕೋ. ನಿನ್ ಜೊತೆಗಾರ್ತಿ ಬಂದು ರೂಲು ಬದಲಾಯ್ಸು ಅಂತ ಕಾಲಿಗೆ ಬಿದ್ಲು. ನಾನು ಬದಲಾಯ್ಸಲ್ಲ ಅಂದೆ."

ಡಾಕ್ಟ್ರು ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ನಾನು ಸೂಪಿನ ಬಟ್ಟಲಿಗೆ ಕಣ್ಣು ಇಳಿಸಿದೆ.

"ನಾಳೆ ಗುರುವಾರ" ಎಂದ ಉರ್ರುತಿ. "ಗಂಡಸಾಗಿದ್ರೆ ಬಂದು ಕೂರು. ಆ ಬಟ್ಟೆ ಮನೇಲಿಟ್ಟು ಬಾ, ಮುಖ ಮುಚ್ಕೊಂಡು ಆಡೋದೂ ಮೋಸಾನೇ. ಚಿನ್ನದ ಏಳು ಬೇರೆಯವರ ಕೈಯಿಂದ ಮೇಜಿಗೆ ಬಿತ್ತೋ, ಕಾಲರ್ ಹಿಡಿದು ಹೊರಗೆ ಹಾಕ್ತೀನಿ. ನಿನ್ನ ಮಾವನ್ನ ನೀನು ಹಾಕಿದ ಹಾಗೆ. ಹೆದರಿಕೆ ಆದ್ರೆ ಇಲ್ಲೇ ಕೂತಿರು, ಅಕ್ಕ ಸೂಪು ಕುಡಿಸ್ತಾಳೆ."

ಡಾಕ್ಟ್ರ ಕಿವಿ ಕೆಂಪಾಯಿತು. ಕರವಸ್ತ್ರ ತೊಡೆಯ ಮೇಲೆ ಬಿತ್ತು. ಎಷ್ಟೋ ವಾರಗಳಿಂದ ಬಾರದ ಸಿಟ್ಟು ಆ ಅರ್ಧ ಮುಖಕ್ಕೆ ಬಂತು.

"ನಾನು… ನಿಂಗೆ… ಹೆದ್ರೋದಾ? ಕಟು…ಕ."

"ಆರು ಗಂಟೆಗೆ" ಎಂದು ಉರ್ರುತಿ ಹೊರಟುಹೋದ. ತೊಮಾಸಾ ಶಿಲುಬೆಯ ಗುರುತು ಹಾಕಿಕೊಂಡಳು. ಡಾಕ್ಟ್ರು ಸೂಪಿನ ಬಟ್ಟಲನ್ನು ನನ್ನ ಕೈಯಿಂದ ಎಡಗೈಯಲ್ಲಿ ಕಿತ್ತುಕೊಂಡು ಪೂರ್ತಿ ಕುಡಿದರು. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ನಾಳೆ ಆ ಮೇಜಿನಿಂದ ಎಬ್ಬಿಸಿ ಕಳಿಸಿದರೆ ಇವರು ಮತ್ತೆ ಈ ಕೋಣೆಗೆ ಬಂದು ಗೋಡೆಗೆ ಮುಖ ಮಾಡುತ್ತಾರೆ, ಆಮೇಲೆ ಯಾರು ಬಂದರೂ ತಿರುಗುವುದಿಲ್ಲ.

ಗುರುವಾರ ಡಾಕ್ಟ್ರು ಬಂದರು. ಕೋಲು ಊರಿಕೊಂಡು, ಟೈ ಕಟ್ಟಿಕೊಂಡು, ತೊಮಾಸಾಳ ತೋಳು ಹಿಡಿದು, ಮುಖಕ್ಕೆ ಏನೂ ಮುಚ್ಚದೆ. ಕ್ಲಬ್ಬಿನಲ್ಲಿದ್ದವರು ಎದ್ದು ನಿಂತರು. "ಕೂತ್ಕೊಳ್ರೋ, ಏನು ಮೆರವಣಿಗೆನಾ?" ಎಂದು ಉರ್ರುತಿ ಗದರಿದ. ಪೆಲುಫೊ ಮಾತ್ರ ಕುರ್ಚಿ ಎಳೆದು ಕೊಟ್ಟ. ಅವನು ನಮ್ಮೆಲ್ಲರಿಗಿಂತ ಚಿಕ್ಕವನು, ಅವನ ಬಾಯಿಂದ ಮಾತು ಬರಬೇಕಾದರೆ ಕತ್ತರಿ ಕೈಯಲ್ಲಿರಬೇಕು.

ಡಾಕ್ಟ್ರ ಬಲಗೈ ಏಳುತ್ತಿರಲಿಲ್ಲವಲ್ಲ. ಮೂರು ಎಲೆಯನ್ನೂ ಮೇಜಿನ ಮೇಲೆ ಬೋರಲು ಹಾಕಿಕೊಂಡು ಎಡಗೈಯಿಂದ ತುದಿ ಎತ್ತಿ ನೋಡುತ್ತಿದ್ದರು. ಮೊದಲ ಕೆಲವು ಸುತ್ತು ನನಗೆ ಆಟವೇ ಕಾಣಿಸಲಿಲ್ಲ. ಪ್ರತಿ ಸಲ ಉರ್ರುತಿ ಎಲೆ ಎತ್ತಿದಾಗಲೂ ಉಸಿರು ಹಿಡಿಯುತ್ತಿದ್ದೆ. ದೊಣ್ಣೆಯ ಎಕ್ಕ ಬಿತ್ತು, ಮೂರುಗಳು ಬಿದ್ದವು, ಕತ್ತಿಯ ಏಳು ಬಿತ್ತು. ಡಾಕ್ಟ್ರು ಚೇತರಿಸಿಕೊಳ್ಳುತ್ತಿದ್ದರು. ಎಡಗಡೆಯ ಹುಬ್ಬು ಇನ್ನೂ ಏರುತ್ತಿತ್ತು. ಅದೊಂದೇ ಹುಬ್ಬಿನಲ್ಲಿ ಕತ್ತಿಯ ಎಕ್ಕ ಇದೆಯೆಂದು ನನಗೆ ತಿಳಿಸಿದರು, ನಾವು ಗೆದ್ದೆವು. "ತ್ರೂ…ಕೊ" ಎಂದು ಕೂಗಿದಾಗ ಬಾಯಿಯ ಅಂಚಿನಿಂದ ಎಂಜಲು ಇಳಿಯಿತು, ಒರೆಸಿಕೊಳ್ಳಲಿಲ್ಲ, ಕಣ್ಣು ಮಾತ್ರ ಉರ್ರುತಿಯ ಮೇಲೆಯೇ.

"ಕೂಗೋದ್ ನೋಡು, ಕರು ಹಾಕೋ ಹಸು ಥರ" ಎಂದ ಉರ್ರುತಿ.

"ನೀನು… ಹಾಕಿದ್… ನೋಡಿದೀನಿ. ಅದ್ಕಿಂತ… ವಾಸಿ."

ಕ್ಲಬ್ಬು ನಕ್ಕಿತು. ಅಂಥ ತಮಾಷೆಯ ಮಾತನ್ನು ಆಸ್ಪತ್ರೆಯಿಂದ ಬಂದ ಮೇಲೆ ಅವರು ಯಾರ ಹತ್ತಿರವೂ ಆಡಿರಲಿಲ್ಲ. ಹಿಂದಿನ ಬೆಂಚಿನ ಮೇಲೆ ತೊಮಾಸಾ ಮೂಗು ಸೀಟಿಕೊಂಡದ್ದು ಕೇಳಿಸಿತು.

ಮುಂದಿನ ಹಂಚಿಕೆಯಲ್ಲಿ ನನ್ನ ಕೈಗೆ ಬಂತು, ಚಿನ್ನದ ಏಳು.

ಉಳಿದೆರಡು ಎಲೆ ಬರೀ ಕಸ. ಒಂದು ಸುತ್ತು ಎದುರಾಳಿಗಳಿಗೆ ಹೋಯಿತು, ಇನ್ನೊಂದು ಡಾಕ್ಟ್ರು ಗೆದ್ದರು, ಮೂರನೆಯದಕ್ಕೆ ನನ್ನ ಹತ್ತಿರ ಉಳಿದದ್ದು ಅದೊಂದೇ. ಉರ್ರುತಿ "ತ್ರೂಕೊ" ಎಂದ. ಎಲೆ ಬಡಿದರೆ ಗೆಲುವು ನಮ್ಮದೇ. ಬಡಿದರೆ ಡಾಕ್ಟ್ರು ಮನೆಗೆ.

"ಒಲ್ಲೆ" ಎಂದು ಎಲೆಯನ್ನು ಕಟ್ಟಿನೊಳಗೆ ತೂರಿಸಿದೆ.

"ಯಾಕೆ… ಬಿಟ್ಟೆ?" ಎಂದರು ಡಾಕ್ಟ್ರು.

"ಕಸ ಇತ್ತು ಡಾಕ್ಟ್ರೇ. ನನಗೇನು ಹುಚ್ಚಾ?" ಬಾಯಿಯಿಂದ ಹೇಳುವ ಸುಳ್ಳು ಆಟದಲ್ಲಿ ತಪ್ಪಲ್ಲ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಮಾಟೆಗೆ ನೀರು ಬಗ್ಗಿಸುವ ನೆಪದಲ್ಲಿ ಫ್ಲಾಸ್ಕಿನ ಕಡೆ ತಿರುಗಿದೆ.

ಆಟ ಜಗ್ಗಾಡುತ್ತಾ ಹೋಯಿತು. ಹೊರಗೆ ದೀಪ ಹತ್ತಿತು. ಮೂವತ್ತು ಕಾಳು ಗೆದ್ದವರಿಗೆ ಆಟ; ಎರಡೂ ಕಡೆ ಒಂದೊಂದೇ ಬಾಕಿ ಉಳಿಯಿತು. ಈಗ ಒಲ್ಲೆ ಎಂದವನು ಇಡೀ ಆಟವನ್ನೇ ಸೋಲುತ್ತಾನೆ. ಉರ್ರುತಿ ಅಂಥ ಹೊತ್ತಿನಲ್ಲಿ ಒಲ್ಲೆ ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮದುವೆಯ ದಿನ ಪಾದ್ರಿ ಕೇಳಿದಾಗಲೂ ಪಣ ಏರಿಸುವವನ ಹಾಗೆ ಒಪ್ಪಿದೆ ಎಂದವನು.

ಕೊನೆಯ ಹಂಚಿಕೆ. ಮೊದಲ ಸುತ್ತು ಪೆಲುಫೊನ ಎಲೆ ಎತ್ತಿಕೊಂಡಿತು. ಎರಡನೆಯದನ್ನು ಡಾಕ್ಟ್ರು ದೊಣ್ಣೆಯ ಎಕ್ಕದಲ್ಲಿ ಕಿತ್ತುಕೊಂಡರು. ಮೂರನೆಯದಕ್ಕೆ ಮೊದಲು ಎಲೆ ಹಾಕಬೇಕಾದವರು ಅವರೇ. ಎಡಗೈಯಿಂದ ಮೆಲ್ಲಗೆ ಮಗುಚಿದರು: ಬಟ್ಟಲಿನ ಮೂರು. ಒಳ್ಳೆಯ ಎಲೆ, ಆದರೆ ದೊರೆಯಲ್ಲ. ಪೆಲುಫೊ ಏನೋ ಕಸ ಎಸೆದ. ನನ್ನದೂ ಕಸವೇ. ಉಳಿದದ್ದು ಉರ್ರುತಿ.

ಅವನು ತನ್ನ ಎಲೆಯನ್ನು ನೋಡಿದ. ಡಾಕ್ಟ್ರ ಮುಖವನ್ನು ನೋಡಿದ. ಡಾಕ್ಟ್ರೂ ಕಣ್ಣು ತೆಗೆಯಲಿಲ್ಲ. ಸೊಟ್ಟ ಬಾಯಿ ದೀಪದ ಕೆಳಗೆ ಎದ್ದು ಕಾಣುತ್ತಿತ್ತು. ಇಡೀ ಕ್ಲಬ್ಬು ನಮ್ಮ ತಲೆಗಳ ಮೇಲೆ ಬಗ್ಗಿ ನಿಂತಿತ್ತು.

"ಹಾಕೋ… ಕಟುಕ" ಎಂದರು ಡಾಕ್ಟ್ರು.

ಉರ್ರುತಿಯ ದವಡೆ ಒಮ್ಮೆ ಆಡಿತು. ಆಮೇಲೆ ಅವನು ಎಲೆಯನ್ನು ಬೋರಲು ಮಾಡಿ ಕಟ್ಟಿನ ತಳಕ್ಕೆ ತಳ್ಳಿದ.

"ಒಲ್ಲೆ. ತಗೋ, ನಿಂದೇ ಆಟ."

ಜನ ಹೋ ಎಂದರು. ಯಾರೋ ಡಾಕ್ಟ್ರ ಬೆನ್ನು ತಟ್ಟಿದರು, ಯಾರೋ ದ್ರಾಕ್ಷಿ ಸಾರಾಯಿ ಬಗ್ಗಿಸಿದರು, ತೊಮಾಸಾ ಅದನ್ನು ಕಿತ್ತಿಟ್ಟಳು. ಉರ್ರುತಿ ಸೋತ, ಮುದುಕನಾದ ಎಂದು ನಾಲ್ಕು ಮೂಲೆಯಿಂದ ಹೀಯಾಳಿಸುತ್ತಿದ್ದರು. ಅವನು ಟೋಪಿ ಸರಿಮಾಡಿಕೊಳ್ಳುತ್ತಾ ಎಲ್ಲವನ್ನೂ ಹಾಗೇ ಕೇಳಿಸಿಕೊಂಡು ಕೂತಿದ್ದ.

ಎಲೆ ಕಲಸುವ ಸರದಿ ನನ್ನದು. ಕಟ್ಟನ್ನು ಕೈಗೆತ್ತಿಕೊಂಡು ಮಗುಚಿದಾಗ ತಳದ ಎಲೆ ನನ್ನ ಕಣ್ಣಿಗೆ ಬಿತ್ತು. ಚಿನ್ನದ ಏಳು.

ಉರ್ರುತಿಯ ಕಡೆ ನೋಡಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿದ. ಪೆಲುಫೊ ತಲೆ ಬಗ್ಗಿಸಿ ಕಾಳುಗಳನ್ನು ಡಬ್ಬಿಗೆ ತುಂಬುತ್ತಿದ್ದ, ಅವನ ಕಿವಿಯ ತುದಿಯೂ ಕೆಂಪಗಿತ್ತು. ಆಗ ನನಗೆ ಹೊಳೆಯಿತು. ಇಷ್ಟು ಹೊತ್ತು ಆಡಿದೆವಲ್ಲ, ಎಲ್ಲ ಎಲೆಗಳೂ ಮೇಜಿನ ಮೇಲೆ ಬಿದ್ದು ಎದ್ದವಲ್ಲ, ಈ ಒಂದು ಎಲೆ ಯಾರ ಕೈಯಿಂದಲೂ ಒಮ್ಮೆಯೂ ಬಿದ್ದಿರಲಿಲ್ಲ. ನಾನೊಬ್ಬಳೇ ಬಚ್ಚಿಟ್ಟೆ ಎಂದುಕೊಂಡಿದ್ದೆ. ಪೆಲುಫೊ ಸುಮ್ಮಸುಮ್ಮನೆ ಎರಡು ಸಲ ಒಲ್ಲೆ ಎಂದಿದ್ದ, ಹೆದರುಪುಕ್ಕಲ ಎಂದು ನಾನೇ ಆಡಿಕೊಂಡಿದ್ದೆ.

"ದೊರಿಲಾ" ಎಂದರು ಡಾಕ್ಟ್ರು.

ಗದ್ದಲ ಒಮ್ಮೆಲೇ ಇಳಿಯಿತು. ಅವರು ನಮ್ಮ ಮೂವರ ಮುಖವನ್ನೂ ಒಂದಾದ ಮೇಲೆ ಒಂದು ಓದುತ್ತಿದ್ದರು. ನಲವತ್ತು ವರ್ಷ ಆಡಿದ ಮನುಷ್ಯ, ಯಾವ ಎಲೆ ಬಿತ್ತು ಯಾವುದು ಬೀಳಲಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಈ ಕಟ್ಟಲ್ಲಿ… ಚಿನ್ನದ… ಏಳು… ಇದೆಯಾ?"

ಪೆಲುಫೊನ ಕೈಯಿಂದ ಒಂದಷ್ಟು ಕಾಳು ನೆಲಕ್ಕೆ ಚೆಲ್ಲಿತು. ಉರ್ರುತಿ ಗಂಟಲು ಸರಿಮಾಡಿಕೊಂಡ.

"ಇದ್ರೆ ನಿನ್ನ ಹತ್ರಾನೇ ಇರ್ಬೇಕು" ಎಂದ. "ಮುಖಾನೇ ಹೇಳ್ತಿದೆಯಲ್ಲ. ನಿನ್ನ ಮುಖ ಯಾವತ್ತು ಸುಳ್ಳು ಹೇಳಿದೆ?"

ಡಾಕ್ಟ್ರ ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎಡಗೈಯ ತೋರುಬೆರಳಿನಿಂದ ಉರ್ರುತಿಯನ್ನು, ಪೆಲುಫೊನನ್ನು, ನನ್ನನ್ನು, ಒಬ್ಬೊಬ್ಬರನ್ನಾಗಿ ತೋರಿಸಿದರು.

"ಸುಳ್ಳರು" ಎಂದರು. "ಮೂರೂ ಜನ… ಸುಳ್ಳರು."

"ಹಂಚು ದೊರಿಲಾ" ಎಂದ ಉರ್ರುತಿ. "ಇವನ ಬೈಗುಳ ಕೇಳೋಕೆ ನಾನು ಬಂದಿಲ್ಲ."

ನಾನು ಎಲೆ ಕಲಸಿ ಹಂಚಿದೆ.